ಎಡಗೈಯವರಿಗೆ ಒಪ್ಪುವ ಅಂದದ ಜೇಬುಚಾಕು: ಆಯ್ಕೆ ಹೇಗೆ?

ಪ್ರಶ್ನೆ: ಎಡಚ_ಯಾರ್ಕ್‌ಷೈರ್

ಎಲ್ಲರಿಗೂ ನಮಸ್ಕಾರ.

ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ. ಮನೆಯವರ ಒತ್ತಾಯಕ್ಕೆ ಮಣಿದು ಊಟ ಮಾಡುವುದನ್ನು ಮಾತ್ರ ಬಲಗೈಯಲ್ಲಿ ಕಲಿತೆ. ಉಳಿದ ಕೆಲಸವೆಲ್ಲ ಎಡಗೈಯದೇ. ಕೆಲವು ವರ್ಷಗಳಿಂದ ಮಡಚುವ ಚಾಕುಗಳನ್ನು ಸಂಗ್ರಹಿಸುತ್ತಿದ್ದೇನೆ. ಫ್ರಾನ್ಸಿನ ಒಪಿನೆಲ್, ಸ್ವಿಸ್ ಚಾಕು, ಜಪಾನಿನ ಹಿಗೊನೊಕಾಮಿ ಈಗಾಗಲೇ ನನ್ನ ಬಳಿ ಇವೆ. ಈಗ ಬೇಕಿರುವುದು ಡಬ್ಬಿಯಲ್ಲಿಟ್ಟು ನೋಡುವ ಚಾಕು ಅಲ್ಲ. ಕೋಟಿನ ಒಳಜೇಬಿನಲ್ಲಿ ದಿನವೂ ಇರಬೇಕಾದ, ಸೇಬು ಹೆಚ್ಚಲು, ಲಕೋಟೆ ಬಿಡಿಸಲು, ಪೆನ್ಸಿಲ್ ಕೆತ್ತಲು ತೆಗೆದಾಗ ಎದುರಿಗಿದ್ದವರಿಗೂ ನೋಡಲು ಹಿತವೆನಿಸುವ ಒಂದು ಚಾಕು. ಸುಮಾರು 150 ಪೌಂಡ್ ಖರ್ಚು ಮಾಡಬಲ್ಲೆ.

ಇಲ್ಲಿನ ಕಾನೂನಿನ ಕಾರಣದಿಂದ ತೆರೆದ ಅಲಗನ್ನು ಮಡಚದಂತೆ ಬಿಗಿಹಿಡಿಯುವ ಲಾಕ್ ಇರುವ ಚಾಕುಗಳನ್ನು ಪಟ್ಟಿಯಿಂದ ಬಿಟ್ಟಿದ್ದೇನೆ. ಉಳಿದಿರುವುದು ಮೂರು: ಶೆಫೀಲ್ಡಿನ ಲ್ಯಾಂಬ್‌ಫುಟ್ ಎಂಬ ಅಗಲ ಅಲಗಿನ ಮಾದರಿ, ಕೊಂಬಿನ ಹಿಡಿಯ ಫ್ರಾನ್ಸಿನ ಚಿಕ್ಕ ಲಾಯೋಲ್, ಮತ್ತು ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಕಂಡ, ಬಿಳಿಯ ಹಿಡಿಯ ಎರಡು ಅಲಗಿನ ಪೆನ್‌ನೈಫ್. ಮೂರರಲ್ಲೂ ಅಲಗನ್ನು ಎಳೆಯಲು ಉಗುರು ಸಿಕ್ಕಿಸುವ ಗೀರು ನನಗೆ ತಿರುವುಮುರುವಾದ ಮಗ್ಗುಲಿನಲ್ಲಿದೆ. ಅದು ಸಾಲದೆಂಬಂತೆ, ತಯಾರಕರ ಮುದ್ರೆ, ಹಿಡಿಯ ಮೇಲೆ ಕೂರಿಸಿದ ಲೋಹದ ಲಾಂಛನ ಎಲ್ಲವೂ ಎಡಗೈಯಲ್ಲಿ ಹಿಡಿದಾಗ ನನ್ನ ಅಂಗೈಯ ಕೆಳಗೆ ಅಡಗಿಹೋಗುತ್ತವೆ.

ಎಡಗೈಯವರಿಗೆಂದೇ ಮಾಡಿದ ಚಾಕುವನ್ನು ಹುಡುಕಿಕೊಂಡು ಹೋಗುವುದು ಸರಿಯೇ, ಅಥವಾ ಸಾಮಾನ್ಯ ಚಾಕುಗಳಲ್ಲೇ ವಿವೇಚಿಸಿ ಆರಿಸಿಕೊಳ್ಳಬಹುದೇ? ಹಿಡಿಯ ವಸ್ತುವಿನ ಬಗ್ಗೆಯೂ ನಿಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ_ಸಾಣೆ

ಕತ್ತರಿಸುವ ಕೈ ಮತ್ತು ತೆರೆಯುವ ಕೈ, ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ನಿಮ್ಮ ಸಮಸ್ಯೆ ಅರ್ಧಕ್ಕೆ ಇಳಿಯುತ್ತದೆ.

ಕತ್ತರಿಸುವ ವಿಚಾರದಲ್ಲಿ ಚಿಂತೆಯೇ ಬೇಡ. ಎರಡೂ ಮಗ್ಗುಲಿನಿಂದ ಸಮನಾಗಿ ಸಾಣೆ ಹಿಡಿದ ಅಲಗಿಗೆ ಎಡ, ಬಲವೆಂಬ ಭೇದವಿಲ್ಲ. ನೀವು ಹೆಸರಿಸಿದ ಮೂರೂ ಅಂಥವೇ. ಉಳಿಯ ಹಾಗೆ ಒಂದೇ ಮಗ್ಗುಲಿಗೆ ಇಳಿಜಾರು ಕೊಟ್ಟ ಅಲಗುಗಳು ಮಾತ್ರ ಬಲಗೈಗೆಂದು ಮಾಡಿದ್ದರೆ ಎಡಗೈಯಲ್ಲಿ ಗೆರೆ ಬಿಟ್ಟು ಓರೆಯಾಗಿ ಸಾಗುತ್ತವೆ. ಅಂಥವು ಅಂಗಡಿಯಲ್ಲಿ ಎಷ್ಟೇ ಚೆಂದ ಕಂಡರೂ ನಿಮಗಲ್ಲ.

ತೊಡಕಿರುವುದು ತೆರೆಯುವಲ್ಲಿ. ಬಲಗೈಯವರು ಮುಚ್ಚಿದ ಚಾಕುವನ್ನು ಎಡಗೈಯಲ್ಲಿ ಹಿಡಿದು, ಮುದ್ರೆಯಿರುವ ಮಗ್ಗುಲನ್ನು ತಮ್ಮ ಕಡೆಗೆ ತಿರುಗಿಸಿ, ಬಲಗೈ ಹೆಬ್ಬೆರಳಿನ ಉಗುರನ್ನು ಗೀರಿಗೆ ಸಿಕ್ಕಿಸಿ ಅಲಗನ್ನು ಎತ್ತುತ್ತಾರೆ. ಬಳಿಕ ಚಾಕು ಬಲಗೈಗೆ ಬರುತ್ತದೆ. ನೀವು ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಾಡಲು ಹೋದಾಗ, ಚಾಕು ಬಲಗೈಯಲ್ಲಿರುತ್ತದೆ, ಎಡಗೈ ಹೆಬ್ಬೆರಳಿಗೆ ನುಣ್ಣನೆಯ ಉಕ್ಕು ಮಾತ್ರ ಸಿಗುತ್ತದೆ, ಗೀರು ಆಚೆ ಬದಿಗೆ ಹೋಗಿರುತ್ತದೆ. ಆಗ ತೋರುಬೆರಳಿನ ಉಗುರು ಆ ಕೆಲಸಕ್ಕೆ ಇಳಿಯಬೇಕಾಗುತ್ತದೆ, ಅದಕ್ಕಾದರೋ ಹೆಬ್ಬೆರಳಿನಷ್ಟು ಬಲವಿಲ್ಲ. ಹಾಗಾಗಿ ನಿಮ್ಮ ಮಟ್ಟಿಗೆ ಮೊದಲು ನೋಡಬೇಕಾದದ್ದು ಗೀರು ಯಾವ ಕಡೆಗಿದೆ ಎಂಬುದನ್ನಲ್ಲ. ಗೀರಿನ ಹಂಗಿಲ್ಲದೆ ಅಲಗು ತೆರೆದುಕೊಳ್ಳುತ್ತದೆಯೇ ಎಂಬುದನ್ನು.

ಇದಕ್ಕೆ ಎರಡು ಗುಣಗಳು ಬೇಕು. ಒಂದನೆಯದು, ಮುಚ್ಚಿದಾಗ ಅಲಗಿನ ಬೆನ್ನು ಹಿಡಿಯಿಂದ ಸಾಕಷ್ಟು ಮೇಲೆ ನಿಲ್ಲಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಎತ್ತುವಷ್ಟು ಜಾಗ ಸಿಕ್ಕರೆ ಎಡಗೈ, ಬಲಗೈ ಎರಡೂ ಒಂದೇ. ಲ್ಯಾಂಬ್‌ಫುಟ್ ಅಲಗು ಅಗಲವಾಗಿಯೂ ಅದರ ಹರಿತವಾದ ಬಾಯಿ ನೇರವಾಗಿಯೂ ಇರುವುದರಿಂದ ಸಾಮಾನ್ಯವಾಗಿ ಈ ಜಾಗ ಸಿಗುತ್ತದೆ. ಹಳೆಯ ಪೆನ್‌ನೈಫುಗಳಲ್ಲಿ ಸಿಗುವುದು ಕಡಿಮೆ, ಏಕೆಂದರೆ ಅವುಗಳ ಅಲಗು ಹಿಡಿಯೊಳಗೆ ಬಹುತೇಕ ಮುಳುಗಿ ಕೂರುತ್ತದೆ. ಕೆಲವು ಮಾದರಿಗಳಲ್ಲಿ ಅಲಗನ್ನು ಚಿವುಟಲೆಂದೇ ಹಿಡಿಯ ಅಂಚಿನಲ್ಲಿ ಅರ್ಧಚಂದ್ರದಂತೆ ಕಚ್ಚು ಕೊಟ್ಟಿರುತ್ತಾರೆ. ಇದನ್ನು ಈಸಿ ಓಪನ್ ಎನ್ನುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿರುವ ಗ್ರೇಟ್ ಈಸ್ಟರ್ನ್ ಕಟ್ಲರಿಯವರ ಕೆಲವು ಚಾಕುಗಳಲ್ಲಿ ಈ ಕಚ್ಚನ್ನು ಕಾಣಬಹುದು. ಅಂದಕ್ಕೆ ತುಸು ಊನವೆಂದು ಕೆಲವರು ಮೂಗು ಮುರಿಯುತ್ತಾರೆ, ಎಡಗೈಯವರು ಮುರಿಯಬೇಕಿಲ್ಲ.

ಎರಡನೆಯದು, ಹಿಡಿಯ ಬೆನ್ನಿನಲ್ಲಿದ್ದು ಅಲಗನ್ನು ತಡೆದು ನಿಲ್ಲಿಸುವ ಸ್ಪ್ರಿಂಗಿನ ಬಿಗಿ. ಸಂಗ್ರಾಹಕರು ಇದನ್ನು 1ರಿಂದ 10ರ ಅಳತೆಯಲ್ಲಿ ಅಂದಾಜಾಗಿ ಹೇಳುವ ರೂಢಿಯಿದೆ. 8ಕ್ಕೆ ಮೇಲ್ಪಟ್ಟದ್ದು ಹೆಬ್ಬೆರಳಿನ ಉಗುರನ್ನೇ ಮುರಿಯಬಲ್ಲದು. ನಿಮಗೆ 4 ಅಥವಾ 5 ಸಾಕು. ಅಲಗು ಅರ್ಧ ತೆರೆದಾಗ ಟಕ್ಕೆಂದು ನಿಲ್ಲುವ ಚಾಕುಗಳೂ ಇವೆ. ಆ ನಿಲುಗಡೆಯಲ್ಲಿ ಬೆರಳುಗಳನ್ನು ಸರಿಪಡಿಸಿಕೊಳ್ಳಬಹುದಾದ್ದರಿಂದ ಎಡಗೈಯವರಿಗೆ ಅದು ಅನುಕೂಲವೆಂದೇ ನನ್ನ ಅನಿಸಿಕೆ. ಬಲಗೈಯವರಲ್ಲಿ ಅನೇಕರಿಗೆ ಅದು ಸೇರುವುದಿಲ್ಲ.

ಇನ್ನು ಮುದ್ರೆ ಅಂಗೈಯಡಿ ಅಡಗುವ ನಿಮ್ಮ ದೂರು. ಇದಕ್ಕೆ ಲಾಯೋಲ್‌ನಲ್ಲೇ ಉತ್ತರವಿದೆ. ಆ ಚಾಕುವಿನ ಮುಖ್ಯ ಅಲಂಕಾರ ಮಗ್ಗುಲಿನಲ್ಲಿಲ್ಲ, ಬೆನ್ನಿನಲ್ಲಿದೆ. ಸ್ಪ್ರಿಂಗಿನ ತಲೆಯ ಮೇಲಿನ ಜೇನುನೊಣ, ಅಲ್ಲಿಂದ ಬಾಲದವರೆಗೆ ಅರದಿಂದ ಕೈಯಾರೆ ಕೊರೆದ ಬಳ್ಳಿಯ ಕುಸುರಿ, ಇವು ಯಾವ ಕೈಯಲ್ಲಿ ಹಿಡಿದರೂ ಮೇಲಿನಿಂದ ಕಾಣುತ್ತವೆ. ಹಿಡಿಯಲ್ಲಿ ಸಣ್ಣ ಮೊಳೆಗಳಿಂದ ಬಿಡಿಸುವ ಕುರುಬರ ಶಿಲುಬೆ ಮಾತ್ರ ಹಲವು ಚಾಕುಗಳಲ್ಲಿ ಒಂದೇ ಮಗ್ಗುಲಿನಲ್ಲಿರುತ್ತದೆ. ಒಳ್ಳೆಯ ಕೆಲಸಗಾರನ ಕೈಯಲ್ಲಿ ಅರದ ಪ್ರತಿ ಹೊಡೆತವೂ ಒಂದೇ ಆಳಕ್ಕೆ ಇಳಿದು, ಎರಡೂ ಅಂಚಿನ ಎಲೆಗಳು ಒಂದಕ್ಕೊಂದು ಎದುರಾಗಿ ನಿಂತಿರುತ್ತವೆ. ಅಗ್ಗದ ಮಾಲಿನಲ್ಲಿ ಅದೇ ಬಳ್ಳಿ ಅಚ್ಚಿನಲ್ಲಿ ಒತ್ತಿದ್ದರಿಂದ ಅಂಚುಗಳು ಮೊಂಡಾಗಿ, ತಗ್ಗುಗಳಲ್ಲಿ ಹೊಳಪಿಲ್ಲದೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಎರಡು ಎಚ್ಚರಿಕೆಗಳು. ಲಾಯೋಲ್ ಎಂಬುದು ಫ್ರಾನ್ಸಿನ ಅವೇರೋನ್ ಸೀಮೆಯ ಊರಿನ ಹೆಸರು, ಒಂದು ಕಂಪನಿಯ ಹೆಸರಲ್ಲ. ಅದನ್ನು ಹೊತ್ತ ಚಾಕುಗಳು ಆ ಊರಿನಲ್ಲೂ ತಿಯೇರ್ ಪಟ್ಟಣದಲ್ಲೂ ತಯಾರಾಗುತ್ತವೆ, ಏಷ್ಯಾದ ಕಾರ್ಖಾನೆಗಳಿಂದಲೂ ಬರುತ್ತವೆ. ಆದ್ದರಿಂದ ಜೇನುನೊಣವನ್ನು ನಂಬಬೇಡಿ, ಅಲಗಿನ ಮೇಲೆ ತಯಾರಕರು ಯಾರೆಂದು ಬರೆದಿದೆಯೇ ನೋಡಿ. ಎರಡನೆಯದಾಗಿ, ಸಾಂಪ್ರದಾಯಿಕ ಲಾಯೋಲ್‌ಗಳಲ್ಲಿ ಅಲಗನ್ನು ಬಿಟ್ಟು ಮುಚ್ಚಿದರೆ ಅದರ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿದು ಕಚ್ಚು ಬೀಳುತ್ತದೆ. ಮುಚ್ಚುವಾಗ ಕೊನೆಯವರೆಗೂ ಬೆರಳಿನಿಂದ ತಡೆದು ಇಳಿಸಬೇಕು.

ಉತ್ತರ: ಮಡಿಕೆ_ಮನುಷ್ಯ

ಹಿಗೊನೊಕಾಮಿ ನಿಮ್ಮ ಬಳಿ ಇದೆ ಎಂದಿದ್ದೀರಿ. ಮೇಲಿನವರು ಹೇಳಿದ ತತ್ವ ಅದರಲ್ಲೇ ಇದೆ: ಅಲಗಿನ ಬುಡದಿಂದ ಹೊರಚಾಚಿದ ಪುಟ್ಟ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಗೀರಿನ ಅಗತ್ಯವೇ ಇಲ್ಲ, ಎಡ ಬಲದ ಗೊಡವೆಯೂ ಇಲ್ಲ. ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ. ಹಿತ್ತಾಳೆಯ ಹಾಳೆ ಮಡಿಚಿದ ಹಿಡಿ ಕೋಟಿನ ಜೇಬಿಗೆ ಒರಟಾಯಿತು ಎನ್ನುವುದಾದರೆ ಒಪ್ಪುತ್ತೇನೆ. ಆದರೂ ಅದು ತಯಾರಾಗುವ ಜಪಾನಿನ ಮಿಕಿ ಪಟ್ಟಣದ ಆ ಸರಳತೆಗೆ ಅದರದೇ ಅಂದವಿದೆ.

ಉತ್ತರ: ಕಮ್ಮಟ_47

ಹಳೆಯ_ಸಾಣೆಯವರ ವಿವರಣೆಯನ್ನು ಒಪ್ಪುತ್ತಲೇ ಒಂದು ವಿಚಾರದಲ್ಲಿ ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಚಿವುಟಿ ತೆರೆಯಬಹುದಾದ ಚಾಕುವನ್ನು ಆರಿಸಿಕೊಳ್ಳಿ ಎನ್ನುವುದು ಬಳಕೆದಾರನಿಗೆ ಸಲ್ಲುವ ಸಲಹೆ. ಪ್ರಶ್ನೆ ಕೇಳಿದವರು ಸಂಗ್ರಾಹಕರು. ಜಗತ್ತಿನ ಬಹುಪಾಲು ಚಾಕುಗಳು ಇನ್ನೊಬ್ಬರ ಕೈಗಾಗಿ ತಯಾರಾಗಿರುವಾಗ, ತಮ್ಮ ಕೈಗೆಂದೇ ರೂಪುಗೊಂಡ ಒಂದಾದರೂ ಚಾಕು ಎಡಗೈ ಸಂಗ್ರಾಹಕರ ಪೆಟ್ಟಿಗೆಯಲ್ಲಿ ಇರಬೇಕೆಂದು ನನಗನಿಸುತ್ತದೆ.

ಅಂಥವು ಇಲ್ಲವೆಂದಲ್ಲ. ಒಪಿನೆಲ್ ತನ್ನ 8ನೇ ನಂಬರಿನ ಚಾಕುವನ್ನು ಎಡಗೈಯವರಿಗಾಗಿಯೂ ಮಾಡಿದೆ. ಸ್ವಿಸ್ ಚಾಕು ತಯಾರಿಸುವ ವಿಕ್ಟೋರಿನಾಕ್ಸ್ ಕೂಡ ತನ್ನ ಕೆಂಪು ಚಾಕುಗಳ ಕೆಲವು ಮಾದರಿಗಳನ್ನು ಎಡಗೈಗೆ ತಿರುಗಿಸಿ ಹೊರತಂದಿದೆ. ದುಬಾರಿ ಚಾಕುಗಳ ಪೈಕಿ ಅಮೆರಿಕದ ಐಡಾಹೊದಿಂದ ಬರುವ ಕ್ರಿಸ್ ರೀವ್ ಕಂಪನಿಯ ಸೆಬೆಂಜಾ ಎಡಗೈ ಆವೃತ್ತಿಯಲ್ಲಿ ಸಿಗುತ್ತದೆ. ಆ ಚಾಕುವಿನಲ್ಲಿ ಹಿಡಿಯ ಒಂದು ಪಕ್ಕವೇ ಬಾಗಿ ಲಾಕ್ ಆಗುವುದರಿಂದ ಎಡಗೈ ಆವೃತ್ತಿಯೆಂದರೆ ಗೀರು ಬದಲಿಸಿದ್ದಲ್ಲ, ಇಡೀ ರಚನೆಯನ್ನೇ ತಿರುಗಿಸಿದ್ದು. ಆದರೆ ಒಪಿನೆಲ್‌ನ 8ಕ್ಕೂ ಸೆಬೆಂಜಾಕ್ಕೂ ಲಾಕ್ ಇದೆ. ಇಂಗ್ಲೆಂಡಿನಲ್ಲಿ ಅವು ಮನೆಯ ಪೆಟ್ಟಿಗೆಯಲ್ಲಿರಬೇಕೇ ಹೊರತು ದಿನನಿತ್ಯದ ಜೇಬಿನಲ್ಲಲ್ಲ.

ನಿಮ್ಮ ಅಗತ್ಯಕ್ಕೆ ಸರಿಹೊಂದುವ ದಾರಿ ಹೇಳಿ ಮಾಡಿಸುವುದು. ನೀವಿರುವ ಯಾರ್ಕ್‌ಷೈರ್ ಸೀಮೆಯೇ ಅದಕ್ಕೆ ತವರು. ಅಲ್ಲಿನ ಶೆಫೀಲ್ಡಿನಲ್ಲಿ ಒಬ್ಬನೇ ಕುಳಿತು ಚಾಕುವಿನ ಎಲ್ಲ ಭಾಗಗಳನ್ನು ಕೂಡಿಸಿ ಮುಗಿಸುವ ಲಿಟಲ್ ಮೆಸ್ಟರ್ ಎಂಬ ಪರಂಪರೆಯಿತ್ತು. 2021ರಲ್ಲಿ ತೀರಿಕೊಂಡ ಸ್ಟ್ಯಾನ್ ಶಾ ಆ ಪರಂಪರೆಯ ಹೆಸರಾಂತ ಕುಶಲಿ. ಈಗ ಅಂಥವರು ಕೆಲವೇ ಮಂದಿ ಉಳಿದಿದ್ದರೂ ಕೆಲಸ ನಿಂತಿಲ್ಲ. 1947ರಲ್ಲಿ ಆರಂಭವಾದ ಎ. ರೈಟ್ ಆ್ಯಂಡ್ ಸನ್‌ನಂಥ ಸಣ್ಣ ಕಾರ್ಖಾನೆ ಲ್ಯಾಂಬ್‌ಫುಟ್ ಚಾಕುಗಳನ್ನು ಇಂದಿಗೂ ಮಾಡುತ್ತಿದೆ. ಒಂಟಿಯಾಗಿ ದುಡಿಯುವ ಕುಶಲಿಯೊಬ್ಬರನ್ನು ಹುಡುಕಿ, ಗೀರು, ಮುದ್ರೆ, ಲಾಂಛನ ಮೂರೂ ಬಲ ಮಗ್ಗುಲಿಗೆ ಬೇಕೆಂದು ಕೇಳಿ. ಕೆಲಸ ಹಿಡಿಯುವ ಮೊದಲೇ ಕೇಳಬೇಕು, ಏಕೆಂದರೆ ಗೀರನ್ನೂ ಮುದ್ರೆಯನ್ನೂ ಹಾಕುವುದು ಅಲಗಿಗೆ ಹದ ಕೊಡುವುದಕ್ಕೆ ಮುಂಚೆ, ಉಕ್ಕು ಮೆದುವಾಗಿರುವಾಗ. ಹದ ಕೊಟ್ಟ ಅಲಗಿನ ಮೇಲೆ ಆಮೇಲೆ ಗೀರು ಕೊರೆಯಲು ಹೋದರೆ ಗ್ರೈಂಡರಿನ ಶಾಖಕ್ಕೆ ಆ ಜಾಗದ ಹದ ಕೆಡುವ ಅಪಾಯವಿದೆ. ಹಳೆಯ ಚಾಕುವಿನ ಮೇಲಂತೂ ಹೊಸ ಗೀರನ್ನು ಎಂದಿಗೂ ಕೊರೆಸಬೇಡಿ; ಸಂಗ್ರಾಹಕರ ಕಣ್ಣಿನಲ್ಲಿ ಅದರ ಬೆಲೆ ಅಲ್ಲಿಗೇ ಮುಗಿಯಿತು.

ಕಾಯಬೇಕಾಗುತ್ತದೆ, ನೀವು ಹೇಳಿದ ಮೊತ್ತ ಮೀರಲೂಬಹುದು. ಇದನ್ನು ಮುಚ್ಚಿಡುವುದಿಲ್ಲ.

ಉತ್ತರ: ಕಡವೆಕೊಂಬು

ಆ ಬಿಳಿಯ ಹಿಡಿ ಯಾವ ವಸ್ತುವಿನದೆಂದು ನೀವು ಬರೆದಿಲ್ಲ. ನಿಮ್ಮ ನಿರ್ಧಾರ ಅದರ ಮೇಲೆ ನಿಂತಿದೆ. ಹಳೆಯ ಇಂಗ್ಲಿಷ್ ಪೆನ್‌ನೈಫಿನ ಬಿಳಿಯ ಹಿಡಿ ದಂತದ್ದಾಗಿರಬಹುದು, ಮುತ್ತಿನ ಚಿಪ್ಪಿನದಾಗಿರಬಹುದು, ಮೂಳೆಯದಾಗಿರಬಹುದು, ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಆಗಿರಬಹುದು. ದಂತವಾದರೆ ಕೈಬಿಡಿ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ ಕೆಲವೇ ವಿನಾಯಿತಿಗಳನ್ನು ಬಿಟ್ಟು ಆನೆಯ ದಂತದ ವಸ್ತುಗಳ ಕೊಳ್ಳುವಿಕೆ, ಮಾರಾಟ ಎರಡೂ ನಿಷಿದ್ಧ. 1947ಕ್ಕಿಂತ ಹಿಂದಿನ ವಸ್ತುವಿನಲ್ಲಿ ದಂತದ ಪ್ರಮಾಣ ಶೇ. 10ಕ್ಕಿಂತ ಕಡಿಮೆಯಿದ್ದರೆ ನೋಂದಣಿ ಮಾಡಿಸಿ ಮಾರಬಹುದು, ಆದರೆ ಎರಡೂ ಪಕ್ಕಕ್ಕೆ ದಂತದ ಪಟ್ಟಿ ಕೂರಿಸಿದ ಪುಟ್ಟ ಚಾಕು ಆ ಮಿತಿಯೊಳಗೆ ಬರುವುದು ಕಷ್ಟ. ಗುರುತಿಸುವುದಾದರೆ, ದಂತದ ಮೇಲೆ ಒಂದನ್ನೊಂದು ದಾಟುವ ಸೂಕ್ಷ್ಮ ಗೆರೆಗಳೋ ಮರದ ಎಳೆಯಂಥ ಸಮಾನಾಂತರ ಗೆರೆಗಳೋ ಕಾಣುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು, ಗೀಟುಗಳು ಇರುತ್ತವೆ. ಚಿಪ್ಪು ಬೆಳಕಿಗೆ ತಿರುಗಿಸಿದಂತೆ ಬಣ್ಣ ಬದಲಿಸುತ್ತದೆ.

ಮುತ್ತಿನ ಚಿಪ್ಪಾದರೆ ಅಂದದಲ್ಲಿ ಅದನ್ನು ಮೀರಿಸುವುದು ಕಡಿಮೆ. ಆದರೆ ಅದು ಗಟ್ಟಿಯಾಗಿದ್ದರೂ ಪೆಡಸು; ಕಲ್ಲಿನ ನೆಲಕ್ಕೆ ಬಿದ್ದರೆ ಮೊಳೆಯ ಬಳಿ ಸೀಳುತ್ತದೆ. ದಿನವೂ ಜೇಬಿನಲ್ಲಿಟ್ಟುಕೊಳ್ಳುವ ಚಾಕುವಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಕೊಂಬಿನಲ್ಲಿ ಎರಡು ಬಗೆ. ದನ, ಎಮ್ಮೆಗಳ ಕೊಂಬನ್ನು ಉಜ್ಜಿ ಹೊಳಪು ಕೊಟ್ಟ ಹಿಡಿ ಕೈಗೆ ತುಂಬ ಹಿತ, ಬಣ್ಣವೂ ಜೇನಿನಿಂದ ಕಪ್ಪಿನವರೆಗೆ ಒಂದೊಂದರಲ್ಲಿ ಒಂದೊಂದು ತೆರ. ಅದರ ಶತ್ರು ಒಣಗಾಳಿ. ಚಳಿಗಾಲದಲ್ಲಿ ನಿಮ್ಮ ಮನೆಯ ಹೀಟರಿನ ಬಳಿ ಇಟ್ಟರೆ ಅಂಚು ಕುಗ್ಗಿ, ಅದರಡಿಯ ಲೋಹದ ಹಾಳೆಯಿಂದ ಎದ್ದು ನಿಲ್ಲುತ್ತದೆ. ಆಗಾಗ ತುಸು ಮಿನರಲ್ ಆಯಿಲ್ ಸವರುವುದು ಒಳ್ಳೆಯದು. ಇನ್ನೊಂದು ಜಿಂಕೆ ಜಾತಿಯ ಕವಲುಕೊಂಬು. ಹಳೆಯ ಶೆಫೀಲ್ಡ್ ಮತ್ತು ಜರ್ಮನ್ ಚಾಕುಗಳ ಮೇಲೆ ಇಂಡಿಯಾ ಸ್ಟ್ಯಾಗ್ ಎಂದು ಹೊಗಳುವುದು ನಮ್ಮ ಕಾಡಿನ ಕಡವೆಯ ಕೊಂಬನ್ನೇ. ಭಾರತದಿಂದ ಅದರ ರಫ್ತು ನಿಂತು ವರ್ಷಗಳೇ ಆದ್ದರಿಂದ ಈಗ ಹಳೆಯ ದಾಸ್ತಾನಿಗೆ ಬೆಲೆ ಹೆಚ್ಚು. ಊರಿಗೆ ಹೋಗುವಾಗ ಚಾಕುವನ್ನೂ ಒಯ್ಯುವ ಆಲೋಚನೆ ಇದ್ದರೆ ಈ ಹಿಡಿ ಬೇಡವೇ ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಡವೆ ಸಂರಕ್ಷಿತ ಪ್ರಾಣಿ, ಅದರ ಕೊಂಬು ಎಲ್ಲಿಂದ ಬಂತೆಂದು ಕಸ್ಟಮ್ಸ್‌ನವರಿಗೆ ವಿವರಿಸುವ ಪ್ರಸಂಗ ನಿಮಗೆ ಬರಬಾರದು.

ಕಾನೂನಿನ ಇನ್ನೊಂದು ಅಂಶವನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ, ಮಡಚಬಹುದಾದ, ಲಾಕ್ ಇಲ್ಲದ, ಬಾಯಿಯ ಉದ್ದ 3 ಇಂಚು ಮೀರದ ಚಾಕುವನ್ನು ಮಾತ್ರ ಕಾರಣ ಕೊಡದೆ ಜೊತೆಗಿಟ್ಟುಕೊಳ್ಳಬಹುದು. 3 ಇಂಚು ಎಂದರೆ 7.62 ಸೆಂ.ಮೀ. ಲಾಯೋಲ್‌ನ ಪ್ರಸಿದ್ಧ ಗಾತ್ರ ಹಿಡಿಯೇ 12 ಸೆಂ.ಮೀ. ಇರುವಂಥದ್ದು, ಅದರ ಅಲಗು ಈ ಮಿತಿಯನ್ನು ದಾಟುತ್ತದೆ. ಹಿಡಿ 9 ಸೆಂ.ಮೀ. ಇರುವ ಗಾತ್ರವನ್ನು ಕೇಳಿ, ಮಾರುವವರ ಮಾತನ್ನು ನಂಬದೆ ಸ್ಕೇಲ್ ಇಟ್ಟು ಅಳೆಯಿರಿ.

ಮರುಪ್ರಶ್ನೆ: ಎಡಚ_ಯಾರ್ಕ್‌ಷೈರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಳಿಯ ಹಿಡಿಯ ಮೇಲೆ ಭೂತಗನ್ನಡಿಯಲ್ಲಿ ಒಂದನ್ನೊಂದು ದಾಟುವ ಗೆರೆಗಳು ಕಂಡವು. ಅದನ್ನು ಅಂಗಡಿಯವರ ಗಮನಕ್ಕೆ ತಂದು ಅಲ್ಲೇ ಬಿಟ್ಟು ಬಂದಿದ್ದೇನೆ.

ಚಿಕ್ಕ ಲಾಯೋಲ್ ಕಡೆಗೆ ಮನಸ್ಸು ವಾಲಿದೆ; ಹೇಳಿ ಮಾಡಿಸುವ ಲ್ಯಾಂಬ್‌ಫುಟ್ ಮುಂದಿನ ವರ್ಷಕ್ಕಿರಲಿ. ಆದರೆ ಲಾಯೋಲ್ ಅನ್ನು ಫ್ರಾನ್ಸಿನಿಂದ ಅಂಚೆಯಲ್ಲಿ ತರಿಸಬೇಕು, ಕೈಯಲ್ಲಿ ಹಿಡಿದು ನೋಡುವ ಅವಕಾಶವಿಲ್ಲ. ಮಾರುವವರಲ್ಲಿ ಏನೇನು ಕೇಳಬೇಕು?

ಉತ್ತರ: ಹಳೆಯ_ಸಾಣೆ

ಒಳ್ಳೆಯ ನಿರ್ಧಾರ. ಮೊದಲು, ಆ ಕಾರ್ಯಾಗಾರದವರು ಎಡಗೈಗೆ ಗೀರು ತಿರುಗಿಸಿ ಕೊಡುತ್ತಾರೆಯೇ ಎಂದು ಕೇಳಿಯೇಬಿಡಿ. ಕೈಯಿಂದ ಮಾಡುವ ಕೆಲವು ಕಡೆ ಇದು ಸಾಧ್ಯ. ಸಾಧ್ಯವಿಲ್ಲವೆಂದರೆ ಚಾಕುವಿನ ಚಿತ್ರಗಳನ್ನು ಕೇಳಿ.

ಮುಚ್ಚಿದ ಚಾಕುವನ್ನು ಅಲಗು ಒಳಸೇರುವ ಸೀಳಿನ ಕಡೆಯಿಂದ ನೇರವಾಗಿ ತೆಗೆದ ಚಿತ್ರದಲ್ಲಿ ಅಲಗು ಎರಡೂ ಪಕ್ಕಕ್ಕೆ ತಾಗದೆ ನಡುವೆ ಕುಳಿತಿದೆಯೇ ನೋಡಿ. ಅದನ್ನೇ ಮಗ್ಗುಲಿನಿಂದ ತೆಗೆದ ಚಿತ್ರದಲ್ಲಿ ಅಲಗಿನ ಬೆನ್ನು ಹಿಡಿಯಿಂದ ಎಷ್ಟು ಎದ್ದು ನಿಂತಿದೆ ಎಂಬುದು ತಿಳಿಯುತ್ತದೆ. ಚಿವುಟಲು ಜಾಗವಿಲ್ಲವೆಂದು ಕಂಡರೆ ಜೇನುನೊಣ ಎಷ್ಟು ಚೆಂದವಿದ್ದರೂ ಬಿಟ್ಟುಬಿಡಿ. ತೆರೆದಾಗ ಸ್ಪ್ರಿಂಗೂ ಅಲಗಿನ ಬೆನ್ನೂ ಸೇರುವ ಜಾಗದಲ್ಲಿ ಮೆಟ್ಟಿಲು ಇರಬಾರದು. ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಸ್ಪ್ರಿಂಗಿಗೂ ಪಕ್ಕದ ಲೋಹದ ಹಾಳೆಗೂ ನಡುವೆ ಬೆಳಕು ತೂರಿಬಂದರೆ ಜೋಡಣೆ ಸಡಿಲವೆಂದು ತಿಳಿಯಿರಿ. ಬಿಗಿಯ ಬಗ್ಗೆ ಸಂಖ್ಯೆ ಕೇಳಿದರೆ ಬಹಳ ಮಂದಿ ಮಾರುವವರಿಗೆ ಅರ್ಥವಾಗುವುದಿಲ್ಲ. ಅದರ ಬದಲು, ಉಗುರು ಬಳಸದೆ ಎರಡು ಬೆರಳಿನಲ್ಲಿ ಚಿವುಟಿ ತೆರೆಯುವ ಪುಟ್ಟ ವೀಡಿಯೊ ಕಳುಹಿಸಲು ವಿನಂತಿಸಿ, ಅದರಲ್ಲಿ ಎಲ್ಲವೂ ಗೊತ್ತಾಗುತ್ತದೆ.

ಉಕ್ಕು ಕಾರ್ಬನ್ ಬಗೆಯದೋ ತುಕ್ಕು ಹಿಡಿಯದ ಬಗೆಯದೋ ಎಂಬುದನ್ನೂ ಕೇಳಿ. ಸೇಬು ಹೆಚ್ಚಿ ಒರೆಸದೆ ಬಿಟ್ಟರೆ ಕಾರ್ಬನ್ ಉಕ್ಕು ಕೆಲವೇ ನಿಮಿಷಗಳಲ್ಲಿ ನೀಲಿಗಪ್ಪಾಗುತ್ತದೆ. ನನಗೆ ಆ ಬಣ್ಣ ಇಷ್ಟ, ಎಲ್ಲರಿಗೂ ಹಾಗಿರಬೇಕಿಲ್ಲ.

ಬಂದ ಮೇಲೆ ಅದನ್ನು ಚರ್ಮದ ಒರೆಯಲ್ಲಿಟ್ಟು ತಿಂಗಳುಗಟ್ಟಲೆ ಮರೆಯಬೇಡಿ, ಚರ್ಮ ತೇವವನ್ನು ಹೀರಿ ಉಕ್ಕಿಗೆ ದಾಟಿಸುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಹಳೆಯ ಸೆಲ್ಯುಲಾಯ್ಡ್ ಹಿಡಿಯ ಚಾಕು ಯಾವುದಾದರೂ ಇದ್ದರೆ ಮೊದಲು ಅದನ್ನು ಬೇರೆಡೆಗೆ ಸಾಗಿಸಿ. ಅದು ಹಳತಾದಂತೆ ಬಿಡುವ ಆಮ್ಲದ ಆವಿಗೆ ತನ್ನ ಅಲಗಿನ ಜೊತೆಗೆ ಪಕ್ಕದಲ್ಲಿಟ್ಟ ಚಾಕುಗಳೂ ತುಕ್ಕು ಹಿಡಿಯುತ್ತವೆ.